ಎಂಟು ದೀಪದ ಪುಟ್ಟ ಡಬ್ಬಿ: ಲ್ಯಾನ್ ಕೇಬಲ್ ಟೆಸ್ಟರ್ ಬಳಸಿದ ಅನುಭವ

280 ರೂಪಾಯಿಯ ಸಾಮಾನು ಇದು. ಇದರ ಬಗ್ಗೆ ಇಷ್ಟುದ್ದ ಬರೆಯಲು ಕಾರಣ ಇದೆ. ಮನೆಗೆ ಬಂದುಹೋದ ಇಬ್ಬರು ಟೆಕ್ನಿಷಿಯನ್, ನಾನು ತರಿಸಿದ ದುಬಾರಿ ವಯರು, ಕಸ್ಟಮರ್ ಕೇರ್‌ಗೆ ಮಾಡಿದ ಹತ್ತಾರು ಕಾಲ್, ಇಷ್ಟೂ ಸೇರಿ ನಾಲ್ಕು ತಿಂಗಳಲ್ಲಿ ಹೇಳದ್ದನ್ನು ಈ ಡಬ್ಬಿ ಒಂದೇ ನಿಮಿಷದಲ್ಲಿ ಹೇಳಿತು. ವಯರಿನಲ್ಲಿ ನೆಟ್ ಸ್ಪೀಡ್ ಬರದೆ ನನ್ನ ಹಾಗೆ ಒದ್ದಾಡುತ್ತಿರುವವರು ಖಂಡಿತ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಮನೆಯ ಮಹಡಿಯ ಒಂದು ರೂಮೇ ನನ್ನ ಆಫೀಸು. ತುಳಸಿ ಪೂಜೆ ಮುಗಿಯಿತು ಅಂದರೆ ಮದುವೆ ಸೀಸನ್ ಶುರು. ಆಮೇಲೆ ನನಗೆ ನಿದ್ದೆ ಕಡಿಮೆ. ಒಂದು ಮದುವೆಯ ಫೈಲುಗಳು 40 ಜಿಬಿ, 60 ಜಿಬಿ ಇರುತ್ತವೆ. ಅದನ್ನೆಲ್ಲ ಕ್ಲೌಡ್‌ಗೆ ಹಾಕಿ ಬೆಂಗಳೂರಿನ ಸ್ಟುಡಿಯೋಗೆ ಕಳಿಸಬೇಕು. ಅದಕ್ಕೇ 100 ಎಂಬಿಪಿಎಸ್ ಪ್ಲ್ಯಾನ್ ಬಿಟ್ಟು 300ರ ಫೈಬರ್ ಪ್ಲ್ಯಾನ್ ಹಾಕಿಸಿಕೊಂಡೆ. ಅಪ್‌ಲೋಡ್ ಕೂಡ 300 ಅಂದಿದ್ದರು.

ರೌಟರ್ ಇರುವುದು ಕೆಳಗಿನ ಹಾಲ್‌ನಲ್ಲಿ. ಅಲ್ಲಿಂದ ಗೋಡೆಯೊಳಗಿನ ಪೈಪಿನಲ್ಲಿ ಒಂದು ಲ್ಯಾನ್ ವಯರು ನನ್ನ ರೂಮಿಗೆ ಬರುತ್ತದೆ. 2012ರಲ್ಲಿ ಮನೆ ಕಟ್ಟಿಸುವಾಗಲೇ ಎಳೆಸಿದ್ದು. ಹೊಸ ಪ್ಲ್ಯಾನ್ ಬಂದ ದಿನವೇ ಖುಷಿಯಿಂದ ಸ್ಪೀಡ್ ಟೆಸ್ಟ್ ಹಾಕಿದೆ. 94 ಬಂತು. ಪಕ್ಕದಲ್ಲೇ ಇದ್ದ ಫೋನಿನಲ್ಲಿ ವೈಫೈಗೆ ಹಾಕಿ ನೋಡಿದೆ. 262 ಬಂತು. ಅದೇ ರೂಮು, ಅದೇ ಟೇಬಲ್ಲು, ಅದೇ ರೌಟರ್. ಗಾಳಿಯಲ್ಲಿ ಬರುವುದು ಜಾಸ್ತಿ, ವಯರಿನಲ್ಲಿ ಬರುವುದು ಕಡಿಮೆ! ವಯರು ಅಂದರೆ ಫಾಸ್ಟು ಅಂತಲೇ ಅಲ್ವಾ ನಾವೆಲ್ಲ ನಂಬಿರುವುದು?

ಕಂಪನಿಗೆ ಫೋನ್ ಮಾಡಿದೆ. ಹೆಸರು ಬೇಡ. ಬಂದ ಹುಡುಗ ಒಳ್ಳೆಯವನೇ. ರೌಟರ್ ಪಕ್ಕ ನಿಂತು ತನ್ನ ಫೋನಿನಲ್ಲಿ ಟೆಸ್ಟ್ ಮಾಡಿದ. 290 ಬಂತು. "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಸರ್, ನಿಮ್ಮ ಕಂಪ್ಯೂಟರ್ ಚೆಕ್ ಮಾಡಿಸಿ" ಅಂದ. ಎರಡನೇ ಸಲ ಬಂದವರು 500ರ ಪ್ಲ್ಯಾನ್‌ಗೆ ಹೋಗಿ ನೋಡಿ ಅಂದರು. ನಾನು ಹೋಗಿಬಿಡುವವನಿದ್ದೆ. ಹೋಗಿದ್ದರೆ ಪ್ರತಿ ತಿಂಗಳೂ ಹೆಚ್ಚಿಗೆ ದುಡ್ಡು ಕಟ್ಟಿ ಅದೇ 94 ನೋಡುತ್ತಾ ಕೂರಬೇಕಿತ್ತು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಯಾಕೆಂದರೆ ಇಬ್ಬರಲ್ಲಿ ಒಬ್ಬರೂ ಮಹಡಿ ಹತ್ತಿ ಬಂದು ಆ ವಯರನ್ನು ಮುಟ್ಟಿ ನೋಡಲಿಲ್ಲ.

ಆಮೇಲೆ ನಾನೇ ಆನ್‌ಲೈನ್‌ನಲ್ಲಿ ಕ್ಯಾಟ್ 8 (ಲ್ಯಾನ್ ವಯರಿನ ಮೇಲ್ದರ್ಜೆ) ಅಂತ ಬರೆದಿದ್ದ ವಯರು ತರಿಸಿದೆ. 900 ರೂಪಾಯಿ. ಗೋಡೆಯ ಸಾಕೆಟ್‌ನಿಂದ ಕಂಪ್ಯೂಟರ್‌ವರೆಗಿನ ಎರಡು ಮೀಟರಿಗೆ. ಏನೂ ಬದಲಾಗಲಿಲ್ಲ. ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ಮಾಮೂಲಿ ಕ್ಯಾಟ್ 5ಇ ವಯರು 100 ಮೀಟರ್‌ವರೆಗೆ ಸಾಕು. ಇದು ಆಗ ನನಗೆ ಗೊತ್ತಿರಲಿಲ್ಲ. ಗೋಡೆಯೊಳಗೆ ತೊಂದರೆ ಇಟ್ಟುಕೊಂಡು ಹೊರಗಿನ ತುಂಡು ಎಷ್ಟು ಒಳ್ಳೆಯದು ಹಾಕಿದರೇನು?

ದಾರಿ ತೋರಿಸಿದವರು ನನ್ನ ಭಾವ. ಅಕ್ಕನ ಗಂಡ. ಬೆಂಗಳೂರಿನಲ್ಲಿ ಆಫೀಸುಗಳಿಗೆ ಕೇಬಲಿಂಗ್ ಮಾಡಿಸುವ ಕೆಲಸದಲ್ಲಿದ್ದಾರೆ. ಹಬ್ಬಕ್ಕೆ ಫೋನ್ ಮಾಡಿದಾಗ ಸುಮ್ನೆ ಹೇಳಿಕೊಂಡೆ. ಅವರು ಕೇಳಿದ ಮೊದಲ ಪ್ರಶ್ನೆ: "ಬೆಳಗ್ಗೆ ಆರಕ್ಕೆ ಎಷ್ಟು ಬರುತ್ತೆ? ರಾತ್ರಿ ಒಂಬತ್ತಕ್ಕೆ ಎಷ್ಟು?"

"ಯಾವಾಗ ನೋಡಿದ್ರೂ 94 ಭಾವ. ಒಂದೊಂದ್ಸಲ 93."

"ಹಂಗಾದ್ರೆ ಕಂಪನಿಯವ್ರದ್ದು ತಪ್ಪಿಲ್ಲ ಮಾರಾಯ. ಲೈನ್ ಮೇಲೆ ಲೋಡ್ ಇದ್ರೆ ಏರುಪೇರಾಗ್ಬೇಕು. ಅಲುಗಾಡದೆ ನಿಂತಿದೆ ಅಂದ್ರೆ ಯಾವುದೋ ಒಂದು ಕಡೆ 100ಕ್ಕೆ ಕಟ್ಟಿ ಹಾಕಿದೆ."

ಈ ಮಾತು ನನಗೆ ತುಂಬ ಉಪಯೋಗಕ್ಕೆ ಬಂತು. ನಿಮಗೂ ಬರುತ್ತದೆ. 100 ಎಂಬಿಪಿಎಸ್‌ನ ಲ್ಯಾನ್ ಲಿಂಕ್‌ನಲ್ಲಿ ನಮ್ಮ ಕೈಗೆ ಪೂರ್ತಿ 100 ಸಿಗುವುದಿಲ್ಲ. ವಯರಿನಲ್ಲಿ ಓಡುವ ಪ್ರತಿ 1538 ಬೈಟ್‌ಗೆ ನಮ್ಮ ಸರಕು 1460 ಬೈಟ್ ಮಾತ್ರ. ಉಳಿದದ್ದು ವಿಳಾಸ, ತಪ್ಪು ಹಿಡಿಯುವ ಲೆಕ್ಕ, ಮಧ್ಯದ ಬಿಡುವು. ಲೆಕ್ಕ ಹಾಕಿದರೆ 95ರ ಹತ್ತಿರ ಬರುತ್ತದೆ. ಟೆಸ್ಟ್‌ನಲ್ಲಿ 93, 94 ಅಂತ ಕಾಣುತ್ತದೆ. ನಿಮ್ಮ ಪ್ಲ್ಯಾನ್ 200 ಇರಲಿ, 500 ಇರಲಿ, ವಯರಿನಲ್ಲಿ ಯಾವಾಗಲೂ 94ರ ಹತ್ತಿರವೇ ನಿಂತರೆ ಇದೇ ಕಥೆ. ಗಿಗಾಬಿಟ್ ಲಿಂಕ್ ಇದ್ದರೆ ಇದೇ ಲೆಕ್ಕದಲ್ಲಿ ಸುಮಾರು 940ರವರೆಗೆ ಜಾಗ ಇರುತ್ತದೆ.

ಭಾವ ವಿಂಡೋಸ್‌ನ ಸೆಟ್ಟಿಂಗ್ಸ್ ತೆಗೆದು ನೆಟ್‌ವರ್ಕ್ ಒಳಗೆ ಈಥರ್‌ನೆಟ್ (ವಯರಿನ ನೆಟ್) ನೋಡು ಅಂದರು. ಲಿಂಕ್ ಸ್ಪೀಡ್ ಅನ್ನುವ ಸಾಲಿನಲ್ಲಿ 100/100 ಅಂತ ಇತ್ತು. ಇದಕ್ಕೆ ದುಡ್ಡು ಬೇಡ, ಯಾರೂ ಬರಬೇಕಿಲ್ಲ. ಕಂಪನಿಗೆ ಫೋನ್ ಮಾಡುವ ಮುಂಚೆ ಎಲ್ಲರೂ ಇದನ್ನು ನೋಡಿಬಿಡಿ.

ಮರುದಿನ ಬೆಳಗ್ಗೆ ಸಿಪಿಯು, ಮಾನಿಟರ್ ಎರಡನ್ನೂ ಎತ್ತಿಕೊಂಡು ಮೆಟ್ಟಿಲಿಳಿದು ಹಾಲ್‌ಗೆ ತಂದೆ. ಟಿವಿ ಸ್ಟ್ಯಾಂಡ್ ಪಕ್ಕ ಇಟ್ಟು, ಆ ಎರಡು ಮೀಟರಿನ ವಯರಿನಿಂದ ನೇರ ರೌಟರ್‌ಗೆ ಜೋಡಿಸಿದೆ. ಲಿಂಕ್ ಸ್ಪೀಡ್ 1000/1000. ಟೆಸ್ಟ್‌ನಲ್ಲಿ 288. ಅಂದರೆ ಪ್ಲ್ಯಾನ್ ಸರಿ, ರೌಟರ್ ಸರಿ, ಕಂಪ್ಯೂಟರ್ ಸರಿ. ಉಳಿದದ್ದು ಗೋಡೆಯೊಳಗಿನ ವಯರು.

ನೆಹರೂ ರಸ್ತೆ ಕಡೆ ಸಿಸಿಟಿವಿ ಸಾಮಾನು ಮಾರುವ ಒಂದು ಸಣ್ಣ ಅಂಗಡಿ ಇದೆ. ಅಲ್ಲಿ ಈ ಟೆಸ್ಟರ್ ಸಿಕ್ಕಿತು. 280 ರೂಪಾಯಿ. ಒಳಗೆ 9 ವೋಲ್ಟ್‌ನ ಚೌಕದ ಬ್ಯಾಟರಿ ಬೇಕು, ಅದು ಜೊತೆಗೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ಕಂಪನಿ ಹೆಸರು ಅಂತ ಏನೂ ಇಲ್ಲ. ಇದೇ ಆಕಾರದ್ದು ಹತ್ತು ಹೆಸರಿನಲ್ಲಿ ಸಿಗುತ್ತದೆ.

ಎರಡು ಭಾಗ ಇದೆ. ದೊಡ್ಡದು, ಚಿಕ್ಕದು. ಎರಡನ್ನೂ ಒಂದಕ್ಕೊಂದು ಜಾರಿಸಿ ಸೇರಿಸಿದರೆ ಒಂದೇ ಡಬ್ಬಿ ಆಗಿ ಜೇಬಿಗೆ ಹೋಗುತ್ತದೆ. ದೊಡ್ಡದರಲ್ಲಿ ಬ್ಯಾಟರಿ, ಸ್ವಿಚ್ಚು. ಎರಡರ ಮುಖದ ಮೇಲೂ 1ರಿಂದ 8ರವರೆಗೆ ಸಾಲಾಗಿ ಪುಟ್ಟ ದೀಪ. ಕೆಳಗೆ ಜಿ ಅಂತ ಇನ್ನೊಂದು. ಅದು ಮೇಲೆ ಲೋಹದ ಹೊದಿಕೆ ಇರುವ ವಯರಿಗೆ, ಮನೆಯ ಮಾಮೂಲಿ ವಯರಿಗೆ ಅದು ಹತ್ತದಿದ್ದರೂ ಚಿಂತೆ ಇಲ್ಲ. ವಯರಿನ ಒಂದು ತುದಿ ದೊಡ್ಡದಕ್ಕೆ, ಇನ್ನೊಂದು ತುದಿ ಚಿಕ್ಕದಕ್ಕೆ. ಸ್ವಿಚ್ ಹಾಕಿದರೆ ಒಂದೊಂದೇ ತಂತಿಗೆ ಸರದಿಯಲ್ಲಿ ಕರೆಂಟು ಬಿಡುತ್ತದೆ. ತಂತಿ ಸರಿ ಇದ್ದರೆ ಆ ನಂಬರಿನ ದೀಪ ಎರಡೂ ಕಡೆ ಹತ್ತುತ್ತದೆ. ಇಷ್ಟೇ ಇದರ ಕೆಲಸ.

ಅಂಗಡಿಯ ಅಣ್ಣ ಒಂದು ಮಾತು ಹೇಳಿ ಕಳಿಸಿದರು. ಗೋಡೆಯ ವಯರು ನೋಡುವ ಮುಂಚೆ, ಟೆಸ್ಟರ್‌ಗೆ ಜೋಡಿಸುವ ಎರಡು ಸಣ್ಣ ವಯರುಗಳನ್ನೇ ಮೊದಲು ಟೆಸ್ಟ್ ಮಾಡಿಕೋ ಅಂತ. ಮನೆಗೆ ಬಂದು ಮಾಡಿದೆ. ಹಳೆಯ ಒಂದು ವಯರಿನಲ್ಲಿ 5 ಹತ್ತಲಿಲ್ಲ. ಅದನ್ನು ಅಲ್ಲೇ ಬಿಸಾಡಿದೆ. ಅದನ್ನೇ ಹಾಕಿಕೊಂಡು ಗೋಡೆ ಟೆಸ್ಟ್ ಮಾಡಿದ್ದರೆ ಇನ್ನೊಂದು ದಿನ ಹಾಳಾಗುತ್ತಿತ್ತು.

ಆಮೇಲೆ ದೊಡ್ಡ ಡಬ್ಬಿ ಮೇಲೆ ನನ್ನ ರೂಮಿನ ಸಾಕೆಟ್‌ಗೆ. ಚಿಕ್ಕದು ಕೆಳಗೆ ಹಾಲ್‌ನ ಸಾಕೆಟ್‌ಗೆ. ಕೆಳಗಿನ ದೀಪ ನೋಡಲು ಇನ್ನೊಬ್ಬರು ಬೇಕಲ್ಲ? ಅಮ್ಮನನ್ನು ಕರೆದೆ. ಹುರುಳಿಕಾಯಿ ಬಿಡಿಸುತ್ತಿದ್ದವರು ತಟ್ಟೆ ಬದಿಗಿಟ್ಟು ಕನ್ನಡಕ ಹಾಕಿಕೊಂಡು ಕೂತರು. ನಾನು ಮೇಲಿಂದ ಸ್ವಿಚ್ ಹಾಕಿದೆ. ಇದರಲ್ಲಿ ನಿಧಾನಕ್ಕೆ ಓಡಿಸುವ ಎಸ್ ಅನ್ನುವ ಸ್ಥಾನ ಇದೆ. ಅದರಲ್ಲಿಟ್ಟೆ. ಅಮ್ಮ ಗಟ್ಟಿಯಾಗಿ ಎಣಿಸಿದರು.

"ಒಂದು ಬಂತು. ಎರಡು. ಮೂರು. ...ಮಗಾ, ನಾಲ್ಕು ಬರ್ಲಿಲ್ಲ ನೋಡು. ಐದೂ ಇಲ್ಲ. ಹಾಂ, ಆರು ಬಂತು. ಏಳಿಲ್ಲ. ಎಂಟಿಲ್ಲ. ಮತ್ತೆ ಒಂದು ಬಂತು!"

ಇನ್ನೊಂದು ಸುತ್ತು ಮಾಡಿಸಿದೆ. ಮತ್ತೊಂದು ಸುತ್ತು. ಮೂರು ಸಲವೂ ಅದೇ. 1, 2, 3, 6.

ಭಾವನಿಗೆ ಹೇಳಿದ ಕೂಡಲೇ ಅವರು ನಕ್ಕುಬಿಟ್ಟರು. ಉತ್ತರ ಅದರಲ್ಲೇ ಇತ್ತು. ಲ್ಯಾನ್ ವಯರಿನೊಳಗೆ ಎಂಟು ತಂತಿ, ಎರಡೆರಡು ಹೆಣೆದ ನಾಲ್ಕು ಜೋಡಿ. 1995ರಲ್ಲಿ ಬಂದ 100 ಎಂಬಿಪಿಎಸ್ ಈಥರ್‌ನೆಟ್‌ಗೆ ಎರಡೇ ಜೋಡಿ ಸಾಕು. ಕಿತ್ತಳೆ ಮತ್ತು ಹಸಿರು. ಅವು ಕೂರುವುದು 1, 2, 3, 6ರಲ್ಲಿ. 1999ರಲ್ಲಿ ಇದೇ ವಯರಿನ ಮೇಲೆ ಗಿಗಾಬಿಟ್ ಬಂದಾಗ ನಾಲ್ಕೂ ಜೋಡಿ ಬೇಕಾಯಿತು. ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ತಂತಿ ತುಂಡಾದರೂ ಗಿಗಾಬಿಟ್ ಆಗುವುದಿಲ್ಲ. ಆಗ ಸಾಮಾನ್ಯವಾಗಿ ಕಂಪ್ಯೂಟರ್ ಮತ್ತು ರೌಟರ್ 100ಕ್ಕೆ ಒಪ್ಪಿಕೊಂಡು ಕೆಲಸ ಮುಂದುವರಿಸುತ್ತವೆ. ಎಲ್ಲೂ ಎಚ್ಚರಿಕೆಯ ದೀಪ ಇಲ್ಲ, ಮೆಸೇಜ್ ಇಲ್ಲ. ನೆಟ್ ಓಡುತ್ತಲೇ ಇರುತ್ತದೆ. ಅದಕ್ಕೇ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಹಳೆಯ ಪ್ಲ್ಯಾನ್ 100 ಇತ್ತಲ್ಲ, ಆಗಲೂ 94 ಬರುತ್ತಿತ್ತು. ಸರಿಯಾಗೇ ಇದೆ ಅಂದುಕೊಂಡಿದ್ದೆ.

ಮೇಲಿನ ಸಾಕೆಟ್ ಬಿಚ್ಚಿದೆ. ಒಳಗೆ ಕಿತ್ತಳೆ, ಹಸಿರು ಜೋಡಿ ಸರಿಯಾಗಿ ಕೂತಿದ್ದವು. ಕಂದು ಜೋಡಿಯನ್ನು ಯಾವುದಕ್ಕೂ ಹಾಕದೆ ಮಡಚಿ ಕಪ್ಪು ಟೇಪ್ ಸುತ್ತಿದ್ದರು. ನೀಲಿ ಜೋಡಿ ಪಕ್ಕದ ಇನ್ನೊಂದು ಸಣ್ಣ ಸಾಕೆಟ್‌ಗೆ ಹೋಗಿತ್ತು. ಟೆಲಿಫೋನ್ ಸಾಕೆಟ್. ಅದರ ಮೇಲೆ ಬಣ್ಣ ಹೊಡೆದು ಎಷ್ಟೋ ವರ್ಷ ಆಗಿತ್ತು.

ಅಮ್ಮ ಮೆಟ್ಟಿಲು ಹತ್ತಿ ಬಂದು ನೋಡಿದರು. "ಅದು ನಿಮ್ಮಪ್ಪಂದು ಕಣೋ" ಅಂದರು. ಆಗ ಅಪ್ಪ ಇದೇ ರೂಮಿನಲ್ಲಿ ಮಲಗುತ್ತಿದ್ದರು. ರಾತ್ರಿ ಊರಿಂದ ಅಜ್ಜಿಯ ಫೋನ್ ಬಂದರೆ ಕೆಳಗೆ ಇಳಿದು ಬರುವಷ್ಟರಲ್ಲಿ ಕಟ್ ಆಗುತ್ತಿತ್ತಂತೆ. ಮೇಲೂ ಒಂದು ಫೋನ್ ಬೇಕು ಅಂತ ಹಠ ಹಿಡಿದು, ಇದ್ದ ವಯರಿನಲ್ಲೇ ಎಲೆಕ್ಟ್ರಿಷಿಯನ್ ಹತ್ತಿರ ಜೋಡಿಸಿಕೊಂಡಿದ್ದರು. ಆಗ ನಮ್ಮ ಮನೆಗೆ ಬರುತ್ತಿದ್ದ ನೆಟ್ 2 ಎಂಬಿಪಿಎಸ್. ನಾಲ್ಕು ತಂತಿ ಧಾರಾಳವಾಗಿ ಸಾಕು. ಎಲೆಕ್ಟ್ರಿಷಿಯನ್ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಲ್ಯಾಂಡ್‌ಲೈನ್ ಅನ್ನು ನಾವು 2019ರಲ್ಲಿ ತೆಗೆಸಿದೆವು. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದರು. ತಂತಿ ಮಾತ್ರ ಅಲ್ಲೇ ಉಳಿದಿತ್ತು.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತೆವು.

ರಿಪೇರಿ ಕಷ್ಟ ಇರಲಿಲ್ಲ. ಅದೇ ಅಂಗಡಿಯಿಂದ ಎರಡು ಹೊಸ ಗಿಗಾಬಿಟ್ ಸಾಕೆಟ್ ತಂದೆ. ಗೋಡೆಯೊಳಗಿನ ವಯರಿನ ತಂತಿ ಒಂಟಿ ಎಳೆಯದು, ಗಡಸು. ಅದಕ್ಕೆ ನೇರ ಪ್ಲಗ್ ಹಾಕಿ ಎಳೆದಾಡಿದರೆ ಬೇಗ ಮುರಿಯುತ್ತದೆ, ಸಾಕೆಟ್‌ನಲ್ಲೇ ಕೂರಿಸು ಅಂದರು ಅಣ್ಣ. ಸಾಕೆಟ್ ಮೇಲೆ ಎ, ಬಿ ಅಂತ ಎರಡು ಸಾಲು ಬಣ್ಣದ ಗುರುತು ಇರುತ್ತದೆ. ಯಾವುದಾದರೂ ಆಗಬಹುದು, ಆದರೆ ಎರಡೂ ತುದಿಗೆ ಒಂದೇ ಇರಬೇಕು. ನಾನು ಬಿ ಹಿಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೆಣೆದ ಜೋಡಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ಆ ಹೆಣಿಗೆಯೇ ಪಕ್ಕದ ಜೋಡಿಯ ಗಲಾಟೆಯನ್ನು ತಡೆಯುವುದು.

ಮತ್ತೆ ಟೆಸ್ಟರ್, ಮತ್ತೆ ಅಮ್ಮ. ಈ ಸಲ ಆರರವರೆಗೆ ಸರಿಯಾಗಿ ಬಂತು. ಆಮೇಲೆ ಮೇಲೆ 7 ಹತ್ತಿದಾಗ ಕೆಳಗೆ 8 ಹತ್ತಿತು. ಮೇಲೆ 8 ಹತ್ತಿದಾಗ ಕೆಳಗೆ 7. ಕೆಳಗಿನ ಸಾಕೆಟ್‌ನಲ್ಲಿ ಕಂದು ಮತ್ತು ಬಿಳಿ-ಕಂದು ಅದಲುಬದಲಾಗಿತ್ತು. ಮೇಲಿನ ದೀಪ ಮಾತ್ರ ನೋಡಿದ್ದರೆ ಎಲ್ಲಾ ಸರಿ ಅಂದುಕೊಳ್ಳುತ್ತಿದ್ದೆ. ಇದಕ್ಕೇ ಎರಡೂ ಕಡೆ ಕಣ್ಣಿರಬೇಕು. ತೆಗೆದು ಸರಿಯಾಗಿ ಕೂರಿಸಿದೆ. ಈಗ ಅಮ್ಮ ಒಂದರಿಂದ ಎಂಟರವರೆಗೆ ಒಂದೇ ಉಸಿರಿಗೆ ಎಣಿಸಿದರು.

ಲಿಂಕ್ ಸ್ಪೀಡ್ 1000/1000. ಟೆಸ್ಟ್‌ನಲ್ಲಿ 286. ಅಂದು ಸಂಜೆ ತೀರ್ಥಹಳ್ಳಿಯ ಒಂದು ಮದುವೆಯ 40 ಜಿಬಿ ಕಳಿಸಿದೆ. ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತಿದ್ದದ್ದು 20 ನಿಮಿಷದೊಳಗೆ ಮುಗಿಯಿತು.

ವೈಫೈ ಡಾಂಗಲ್ ಹಾಕಿಕೊಂಡಿದ್ದರೆ ಆಗುತ್ತಿರಲಿಲ್ವಾ ಅಂತ ಕೆಲವರು ಕೇಳಿದರು. ಆಗುತ್ತಿತ್ತೇನೋ. ಆದರೆ ನನ್ನ ಫೋನಿನಲ್ಲಿ 262 ಬರುವುದು ಮೆಟ್ಟಿಲ ಕಡೆಯ ಬಾಗಿಲು ತೆರೆದಿದ್ದಾಗ. ಮುಚ್ಚಿದರೆ 150ಕ್ಕೆ ಇಳಿಯುತ್ತದೆ. ರಾತ್ರಿಯಿಡೀ ಅಪ್‌ಲೋಡ್‌ಗೆ ಬಿಟ್ಟು ಮಲಗುವವನಿಗೆ ವಯರೇ ಧೈರ್ಯ.

ಇನ್ನು ಟೆಸ್ಟರ್‌ನ ಕೊರತೆಗಳನ್ನೂ ಹೇಳಬೇಕು. ಇದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಅಂತ ಮಾತ್ರ ನೋಡುತ್ತದೆ. ಎಲ್ಲಿ ತುಂಡಾಗಿದೆ ಅಂತ ಹೇಳುವುದಿಲ್ಲ. ಒಳಗಿರುವುದು ಪೂರ್ತಿ ತಾಮ್ರವೋ, ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ತಂತಿಯೋ, ಅದೂ ಇದಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ. ಬಣ್ಣಗಳನ್ನು ಜೋಡಿ ಜೋಡಿಯಾಗಿ 1-2, 3-4, 5-6, 7-8 ಅಂತ ನೇರವಾಗಿ ಎರಡೂ ಕಡೆ ಕೂರಿಸುವವರಿದ್ದಾರೆ. ಆಗ ಎಂಟೂ ದೀಪ ಚೆನ್ನಾಗಿ ಹತ್ತುತ್ತವೆ. ಆದರೆ 3 ಮತ್ತು 6 ಒಂದೇ ಜೋಡಿಯಲ್ಲಿ ಇರುವುದಿಲ್ಲ. ಹಾಗಾಗಿ ಉದ್ದದ ವಯರಿನಲ್ಲಿ ನೆಟ್ ತಡವರಿಸುತ್ತದೆ. ಆ ತಪ್ಪನ್ನು ಹಿಡಿಯಲು ಬಣ್ಣವನ್ನು ಕಣ್ಣಿನಿಂದಲೇ ನೋಡಬೇಕು. ದೀಪಗಳು ಮಂದ. ಬಿಸಿಲಲ್ಲಿ ಕೈ ಅಡ್ಡ ಹಿಡಿದೇ ನೋಡಬೇಕು. ಬ್ಯಾಟರಿ ಮುಚ್ಚಳ ಸಡಿಲ, ನಾನು ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಮರೆಯದೆ ಮಾಡಬೇಕಾದದ್ದು: ವಯರಿನ ಎರಡೂ ತುದಿಯನ್ನು ರೌಟರ್, ಕಂಪ್ಯೂಟರ್‌ನಿಂದ ಬಿಡಿಸಿಯೇ ಟೆಸ್ಟರ್‌ಗೆ ಹಾಕಿ. ಅದರಲ್ಲೂ ಸಿಸಿಟಿವಿ ಕ್ಯಾಮೆರಾಗಳಿಗೆ ಲ್ಯಾನ್ ವಯರಿನಲ್ಲೇ ಕರೆಂಟು ಹೋಗುತ್ತಿದ್ದರೆ ಟೆಸ್ಟರ್ ಸುಟ್ಟುಹೋಗಬಹುದು.

ಕೇಬಲ್ ತಪ್ಪಲ್ಲ ಅಂತ ಹೇಳಿ ಕೂಡ ಇದು ಸಹಾಯ ಮಾಡುತ್ತದೆ. ನನ್ನ ಗೆಳೆಯನ ಫೋಟೋ ಸ್ಟುಡಿಯೋದಲ್ಲೂ ಇದೇ 94ರ ಗೋಳು. ಹೋಗಿ ಟೆಸ್ಟ್ ಮಾಡಿದೆ. ಎಂಟೂ ಹತ್ತಿದವು. ಹಾಗಾದರೆ ವಯರು ಬಿಟ್ಟು ಬೇರೆ ಕಡೆ ನೋಡಬೇಕು ಅಂತಾಯಿತು. ರೌಟರ್ ಡಬ್ಬದ ಮೇಲೆ ಓದಿದೆವು. ವೈಫೈ ವೇಗ 867 ಅಂತ ದೊಡ್ಡದಾಗಿ ಬರೆದಿತ್ತು. ಲ್ಯಾನ್ ಪೋರ್ಟ್ ಬಗ್ಗೆ ಸಣ್ಣ ಅಕ್ಷರದಲ್ಲಿ 10/100 ಅಂತಿತ್ತು. ಆ ರೌಟರ್‌ನಲ್ಲಿ ವಯರು 100 ಎಂಬಿಪಿಎಸ್ ಮೀರಲು ಸಾಧ್ಯವೇ ಇಲ್ಲ, ತಯಾರಾಗಿರುವುದೇ ಹಾಗೆ. ಹೀಗೆ ಮಾಡಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ಯುಎಸ್‌ಬಿಗೆ ಹಾಕುವ ಅಗ್ಗದ ಲ್ಯಾನ್ ಅಡಾಪ್ಟರ್‌ಗಳಲ್ಲೂ ಇದೇ 10/100 ಇರುತ್ತದೆ. ಹೊಸ ರೌಟರ್ ಅಥವಾ ಅಡಾಪ್ಟರ್ ಕೊಳ್ಳುವಾಗ 10/100/1000 ಅಥವಾ ಗಿಗಾಬಿಟ್ ಅಂತ ಬರೆದಿದೆಯೇ ನೋಡಿಯೇ ದುಡ್ಡು ಕೊಡಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಮುಚ್ಚಳಕ್ಕೆ ಮತ್ತು ಮಂದ ದೀಪಕ್ಕೆ. ಸ್ವಿಚ್ ಆಫ್ ಮಾಡುವುದು ಮರೆತರೆ ಬ್ಯಾಟರಿ ಖಾಲಿಯಾಗುತ್ತದೆ, ಕೆಲಸ ಮುಗಿದ ಮೇಲೆ ತೆಗೆದಿಡಿ. ಬಳಿಕ ಒಂದು ದಿನ ಪಕ್ಕದ ಮನೆಗೆ ಅದೇ ಟೆಕ್ನಿಷಿಯನ್ ಹುಡುಗ ಬಂದಿದ್ದ. ಕರೆದು ತೋರಿಸಿದೆ. ಅವನ ಬ್ಯಾಗಿನಲ್ಲಿ ಫೈಬರ್ ನೋಡುವ ಮೀಟರ್ ಇತ್ತು, ಇದು ಇರಲಿಲ್ಲ. ಫೋಟೋ ತೆಗೆದುಕೊಂಡು, ಅಂಗಡಿ ಯಾವ ಕಡೆ ಅಂತ ಕೇಳಿಕೊಂಡು ಹೋದ.

ಅಪ್ಪನ ಫೋನ್ ಸಾಕೆಟ್ ತೆಗೆಯಲಿಲ್ಲ. ತಂತಿ ಇಲ್ಲದಿದ್ದರೂ ಅಲ್ಲೇ ಇರಲಿ ಅಂದರು ಅಮ್ಮ.